ಇಪ್ಪತ್ತೆರಡು ಶನಿವಾರಗಳು: ಜಗತ್ತಿನ ಮೊದಲ ಫುಟ್‌ಬಾಲ್ ಲೀಗ್ ಋತು, 1888–89

ನಮ್ಮ ಸೀಮೆಯ ಯಕ್ಷಗಾನ ಮೇಳಗಳಿಗೆ ‘ತಿರುಗಾಟ’ ಎಂಬುದೊಂದಿದೆ. ದೀಪಾವಳಿಯ ಬಳಿಕ ಗೆಜ್ಜೆ ಕಟ್ಟಿ ಹೊರಟ ಮೇಳ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತದೆ. ಈ ಅವಧಿಯಲ್ಲಿ ಯಾವ ರಾತ್ರಿ ಯಾವ ಊರಿನಲ್ಲಿ ಆಟ ಎಂಬುದು ಬಹುಮಟ್ಟಿಗೆ ಮೊದಲೇ ನಿಶ್ಚಯವಾಗಿರುತ್ತದೆ. ಆಟಗಳು ಗೊತ್ತಾಗಿರುವುದರಿಂದಲೇ ಕಲಾವಿದರ ಸಂಬಳವೂ ಗೊತ್ತಾಗುತ್ತದೆ, ಸಂಬಳ ಗೊತ್ತಾಗಿರುವುದರಿಂದಲೇ ಕಲಾವಿದರು ಮೇಳದಲ್ಲಿ ನಿಲ್ಲುತ್ತಾರೆ. ಫುಟ್‌ಬಾಲಿನಲ್ಲಿ ‘ಸೀಸನ್’ ಎಂದು ಕರೆಯುವುದು ಇಂಥದೇ ಒಂದು ತಿರುಗಾಟವನ್ನು. ನಮ್ಮ ಪತ್ರಿಕೆಗಳು ಅದನ್ನು ‘ಋತು’ ಎಂದು ಕನ್ನಡಿಸಿದ ಮೇಲೆ, ಮಳೆ ಚಳಿಗಳ ಹಾಗೆ ಅದೂ ತಾನಾಗಿ ಬರುವುದೆಂಬ ಭಾವನೆ ಹುಟ್ಟಿಬಿಟ್ಟಿದೆ. ವಾಸ್ತವದಲ್ಲಿ ಅದು ಮನುಷ್ಯರು ಕುಳಿತು, ಚರ್ಚಿಸಿ, ಲೆಕ್ಕ ಹಾಕಿ ಕಟ್ಟಿದ ವ್ಯವಸ್ಥೆ. ಅದು ಕಟ್ಟಲ್ಪಟ್ಟ ವರ್ಷ 1888, ನೆಲ ಇಂಗ್ಲೆಂಡಿನ ಉತ್ತರ ಮತ್ತು ಮಧ್ಯ ಭಾಗದ ಗಿರಣಿ ಊರುಗಳು. ಇಂದು ಜಗತ್ತಿನ ಯಾವ ದೇಶದಲ್ಲಾದರೂ ಅಗ್ರಶ್ರೇಣಿಯ ಲೀಗ್ ಎಂದು ಕರೆಸಿಕೊಳ್ಳುವ ಪಂದ್ಯಾವಳಿ ಅಂದು ಹನ್ನೆರಡು ಕ್ಲಬ್ಬುಗಳು ನಡೆಸಿದ ಪ್ರಯೋಗದ ಸಂತಾನವೇ ಆಗಿದೆ.

ಆ ಪ್ರಯೋಗ ಏಕೆ ಬೇಕಾಯಿತು ಎಂಬುದನ್ನು ಮೊದಲು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ನಡುಭಾಗದ ಕಾರ್ಖಾನೆ ಕಾಯಿದೆಗಳು ಹೆಂಗಸರು ಮತ್ತು ಎಳೆಯರ ಶನಿವಾರದ ದುಡಿಮೆಯನ್ನು ಮಧ್ಯಾಹ್ನಕ್ಕೆ ನಿಲ್ಲಿಸಿದವು. ಅವರಿಲ್ಲದೆ ಹತ್ತಿಗಿರಣಿ ನಡೆಯುವಂತಿರಲಿಲ್ಲವಾದ್ದರಿಂದ ಗಂಡಸರಿಗೂ ಅರ್ಧ ದಿನದ ಬಿಡುವು ದೊರೆಯಿತು. ಕೈಯಲ್ಲಿ ವಾರದ ಕೂಲಿ, ಮುಂದೆ ಖಾಲಿ ಮಧ್ಯಾಹ್ನ: ಲ್ಯಾಂಕಾಶೈರಿನ ಕಾರ್ಮಿಕರು ಫುಟ್‌ಬಾಲ್ ಅಂಗಣಗಳತ್ತ ನಡೆದರು. ಆಟವನ್ನು ನಿಯಮಬದ್ಧಗೊಳಿಸಿದವರು ಉಳ್ಳವರ ಶಾಲೆ ಕಾಲೇಜುಗಳ ಹುಡುಗರು. ಆದರೆ ಅದಕ್ಕೆ ದುಡ್ಡು ಕೊಟ್ಟು ಬರುವ ಪ್ರೇಕ್ಷಕರು ಒದಗಿದ್ದು ಗಿರಣಿಯ ಕಡೆಯಿಂದ. ಪ್ರೇಕ್ಷಕರು ಬಂದೊಡನೆ ಒಳ್ಳೆಯ ಆಟಗಾರರಿಗೆ ಬೆಲೆ ಬಂತು. ಸ್ಕಾಟ್ಲೆಂಡಿನ ಚುರುಕಿನ ಆಟಗಾರರನ್ನು ಗುಟ್ಟಾಗಿ ಕರೆತಂದು, ಗಿರಣಿಯಲ್ಲೋ ಅಂಗಡಿಯಲ್ಲೋ ಹೆಸರಿಗೊಂದು ಕೆಲಸ ಕೊಟ್ಟು ಆಡಿಸುವ ಪದ್ಧತಿ ಬೆಳೆಯಿತು.

ಗುಟ್ಟು ಒಡೆದದ್ದು 1884ರಲ್ಲಿ. ಪ್ರೆಸ್ಟನ್ ನಾರ್ತ್ ಎಂಡ್ ತಂಡವು ದುಡ್ಡು ಕೊಟ್ಟು ಆಟಗಾರರನ್ನು ಇರಿಸಿಕೊಂಡಿದೆ ಎಂದು ಲಂಡನ್ನಿನ ಅಪ್ಟನ್ ಪಾರ್ಕ್ ತಂಡ ದೂರಿತು. ಪ್ರೆಸ್ಟನ್ನಿನ ವ್ಯವಸ್ಥಾಪಕರಾಗಿದ್ದ ವಿಲಿಯಂ ಸಡೆಲ್ ಅದನ್ನು ನಿರಾಕರಿಸಲಿಲ್ಲ. ಹೌದು, ಕೊಡುತ್ತೇವೆ, ಎಲ್ಲರೂ ಕೊಡುತ್ತಾರೆ ಎಂಬುದೇ ಅವರ ನಿಲುವಾಗಿತ್ತು. ಪ್ರೆಸ್ಟನ್ ಆ ವರ್ಷದ ಎಫ್.ಎ. ಕಪ್‌ನಿಂದ ಹೊರಬಿತ್ತು. ಆದರೆ ಉತ್ತರದ ಕ್ಲಬ್ಬುಗಳೆಲ್ಲ ಸೇರಿ ಬೇರೆಯಾಗುವ ಬೆದರಿಕೆ ಹಾಕಿದ ಮೇಲೆ, 1885ರ ಜುಲೈಯಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ವೃತ್ತಿಪರ ಆಟವನ್ನು ಕೆಲವು ಷರತ್ತುಗಳೊಡನೆ ಒಪ್ಪಿಕೊಳ್ಳಬೇಕಾಯಿತು. ಆಟ ಆಡಿ ಸಂಬಳ ಪಡೆಯುವುದು ಇನ್ನು ಅಪರಾಧವಲ್ಲ.

ಸಮಸ್ಯೆ ಹುಟ್ಟಿದ್ದು ಇಲ್ಲಿಂದಲೇ. ಸಂಬಳವು ಪ್ರತಿವಾರ ಕೊಡಬೇಕಾದದ್ದು, ಆಟದ ಆದಾಯವಾದರೋ ಪ್ರತಿವಾರ ಬರುವಂಥದಲ್ಲ. ಆಗ ಇದ್ದದ್ದು ಎರಡು ಬಗೆಯ ಪಂದ್ಯಗಳು. ಒಂದು, 1871ರಲ್ಲಿ ಆರಂಭವಾದ ಎಫ್.ಎ. ಕಪ್ ಮತ್ತು ಅದರ ಮಾದರಿಯ ಪ್ರಾದೇಶಿಕ ಕಪ್‌ಗಳು. ಇವೆಲ್ಲ ಸೋತವರು ಹೊರಗೆ ಎಂಬ ನಾಕೌಟ್ ಕ್ರಮದವು. ಮೊದಲ ಸುತ್ತಿನಲ್ಲೇ ಸೋತರೆ ಆ ವರ್ಷದ ಗಳಿಕೆ ಮುಗಿದಂತೆಯೇ. ಗೆದ್ದರೂ ಎದುರಾಳಿ ಯಾರೆಂಬುದು ಚೀಟಿ ಎತ್ತಿದಂತೆ. 1887ರ ಅಕ್ಟೋಬರಿನಲ್ಲಿ ಪ್ರೆಸ್ಟನ್ ತಂಡ ಹೈಡ್ ಎಂಬ ತಂಡವನ್ನು 26–0 ಗೋಲುಗಳಿಂದ ಸೋಲಿಸಿತು. ಎಫ್.ಎ. ಕಪ್‌ನ ಇತಿಹಾಸದಲ್ಲಿ ಇಂದಿಗೂ ಅದೇ ಅತಿ ದೊಡ್ಡ ಗೆಲುವು. ದಾಖಲೆಯ ದೃಷ್ಟಿಯಿಂದ ಅದು ದೊಡ್ಡದಿರಬಹುದು. ಟಿಕೆಟು ಕೊಂಡು ನೋಡುವವನಿಗೆ ಅಂಥ ಪಂದ್ಯದಲ್ಲಿ ಏನಿದೆ? ಎರಡನೆಯ ಬಗೆ, ‘ಸ್ನೇಹಪರ ಪಂದ್ಯ’ಗಳು. ಇವನ್ನು ಪತ್ರ ಬರೆದು ಗೊತ್ತುಪಡಿಸಿಕೊಳ್ಳುತ್ತಿದ್ದರು. ಆದರೆ ಎದುರಾಳಿಗೆ ಅದೇ ದಿನ ಕಪ್ ಪಂದ್ಯ ಬಂದರೆ, ಅಥವಾ ಹೆಚ್ಚು ಲಾಭದ ಬೇರೊಂದು ಪಂದ್ಯ ಸಿಕ್ಕರೆ, ಅವರು ಬರುತ್ತಿರಲಿಲ್ಲ. ಬಂದರೂ ಮುಖ್ಯ ಆಟಗಾರರನ್ನು ಬಿಟ್ಟು ಎರಡನೆಯ ತಂಡವನ್ನು ಕಳಿಸುವುದುಂಟು. ಊರೆಲ್ಲ ಜಾಹೀರಾತು ಅಂಟಿಸಿ, ಜನ ಸೇರಿದ ಮೇಲೆ ಆಟವಿಲ್ಲ ಎನ್ನಬೇಕಾದ ಕ್ಲಬ್ಬಿನ ಪಾಡು ಹೇಳತೀರದು. ಅದಕ್ಕಿಂತ ಕಷ್ಟ, ಆಟಗಾರನಿಗೆ ಆ ವಾರದ ಹಣ ಎಲ್ಲಿಂದ ತರುವುದು ಎಂಬುದು.

ಬರ್ಮಿಂಗ್‌ಹ್ಯಾಮಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ವಿಲಿಯಂ ಮೆಕ್‌ಗ್ರೆಗರ್ ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದವರು. ಆಸ್ಟನ್ ವಿಲ್ಲಾ ಕ್ಲಬ್ಬಿನ ಆಡಳಿತ ಸಮಿತಿಯಲ್ಲಿದ್ದವರು. ಇವರು ಹೆಸರಾಂತ ಆಟಗಾರರೇನಲ್ಲ. ಲೀಗ್ ಎಂಬುದು ಆಟಗಾರನ ತಲೆಯಲ್ಲಿ ಅಲ್ಲ, ಅಂಗಡಿಯ ಲೆಕ್ಕ ಬಲ್ಲವನ ತಲೆಯಲ್ಲಿ ಹುಟ್ಟಿತೆಂಬುದು ನನಗೆ ಅರ್ಥಪೂರ್ಣವೆನಿಸುತ್ತದೆ. 1888ರ ಮಾರ್ಚ್ 2ರಂದು ಅವರು ಬ್ಲ್ಯಾಕ್‌ಬರ್ನ್ ರೋವರ್ಸ್, ಬೋಲ್ಟನ್ ವಾಂಡರರ್ಸ್, ಪ್ರೆಸ್ಟನ್ ನಾರ್ತ್ ಎಂಡ್, ವೆಸ್ಟ್ ಬ್ರಾಮಿಚ್ ಆಲ್ಬಿಯನ್ ಕ್ಲಬ್ಬುಗಳಿಗೂ ತಮ್ಮದೇ ಕ್ಲಬ್ಬಿಗೂ ಒಂದು ಪತ್ರ ಬರೆದರು. ಪತ್ರದ ತಾತ್ಪರ್ಯ ಇಷ್ಟೇ: ಪ್ರಮುಖವಾದ ಹತ್ತು ಹನ್ನೆರಡು ಕ್ಲಬ್ಬುಗಳು ಒಂದುಗೂಡಿ, ಪ್ರತಿವರ್ಷ ಪರಸ್ಪರರ ಊರಿನಲ್ಲಿ ಒಂದೊಂದು ಪಂದ್ಯ ಆಡುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಕೌಂಟಿ ಕ್ರಿಕೆಟ್ಟಿನ ಕ್ರಮ ಅವರ ಮನಸ್ಸಿನಲ್ಲಿತ್ತು.

ಮೊದಲ ಸಭೆ ಮಾರ್ಚ್ 23ರಂದು ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಆಂಡರ್ಟನ್ಸ್ ಹೋಟೆಲಿನಲ್ಲಿ ಸೇರಿತು. ಆ ದಿನವನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು: ಮರುದಿನ ವೆಸ್ಟ್ ಬ್ರಾಮಿಚ್ ಮತ್ತು ಪ್ರೆಸ್ಟನ್ ನಡುವೆ ಎಫ್.ಎ. ಕಪ್‌ನ ಅಂತಿಮ ಪಂದ್ಯ, ಹೇಗೂ ಫುಟ್‌ಬಾಲಿನ ಮಂದಿಯೆಲ್ಲ ಲಂಡನ್ನಿಗೆ ಬರುವವರೇ. (ಆ ಪಂದ್ಯದಲ್ಲಿ ಪ್ರೆಸ್ಟನ್ನಿನವರು ಮೈಗೆ ಮಣ್ಣು ಮೆತ್ತುವ ಮೊದಲೇ ಕಪ್ಪಿನೊಡನೆ ಚಿತ್ರ ತೆಗೆಸಿಕೊಳ್ಳಬೇಕೆಂದು ಕೇಳಿದರಂತೆ ಎಂಬ ಕಥೆಯೊಂದು ಪ್ರಚಲಿತದಲ್ಲಿದೆ. ಕಥೆ ನಿಜವೋ ಸುಳ್ಳೋ, ಅವರು 2–1ರಿಂದ ಸೋತದ್ದು ನಿಜ.) ಏಪ್ರಿಲ್ 17ರಂದು ಮ್ಯಾಂಚೆಸ್ಟರಿನ ರಾಯಲ್ ಹೋಟೆಲಿನಲ್ಲಿ ಸೇರಿದ ಸಭೆಯಲ್ಲಿ ಸಂಸ್ಥೆ ಅಧಿಕೃತವಾಗಿ ರೂಪುಗೊಂಡಿತು. ಹೆಸರು, ‘ದಿ ಫುಟ್‌ಬಾಲ್ ಲೀಗ್’. ಪದಗಳ ಬಗೆಗೆ ಆಸಕ್ತಿಯುಳ್ಳ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ‘ಲೀಗ್’ ಎಂಬ ಪದ ಮೆಕ್‌ಗ್ರೆಗರ್ ಅವರಿಗೆ ಹಿಡಿಸಿರಲಿಲ್ಲ. ಐರ್ಲೆಂಡಿನ ಗೇಣಿದಾರರ ಹೋರಾಟ ನಡೆಸುತ್ತಿದ್ದ ‘ಲ್ಯಾಂಡ್ ಲೀಗ್’ನಿಂದಾಗಿ ಆ ಪದಕ್ಕೆ ಆಗ ರಾಜಕೀಯದ ವಾಸನೆ ಅಂಟಿಕೊಂಡಿತ್ತು. ಇಂದು ಅದೇ ಪದ, ಆ ವಾಸನೆಯನ್ನು ಸಂಪೂರ್ಣ ಕಳೆದುಕೊಂಡು, ಕಬಡ್ಡಿಗೂ ಕ್ರಿಕೆಟ್ಟಿಗೂ ಸಲ್ಲುವ ಕನ್ನಡ ಪದವೇ ಆಗಿಬಿಟ್ಟಿದೆ.

ಸೇರಿದ ಕ್ಲಬ್ಬುಗಳು ಹನ್ನೆರಡು. ಲ್ಯಾಂಕಾಶೈರಿನಿಂದ ಅಕ್ರಿಂಗ್ಟನ್, ಬ್ಲ್ಯಾಕ್‌ಬರ್ನ್ ರೋವರ್ಸ್, ಬೋಲ್ಟನ್ ವಾಂಡರರ್ಸ್, ಬರ್ನ್ಲಿ, ಎವರ್ಟನ್, ಪ್ರೆಸ್ಟನ್ ನಾರ್ತ್ ಎಂಡ್. ಮಧ್ಯ ಇಂಗ್ಲೆಂಡಿನಿಂದ ಆಸ್ಟನ್ ವಿಲ್ಲಾ, ಡಾರ್ಬಿ ಕೌಂಟಿ, ನಾಟ್ಸ್ ಕೌಂಟಿ, ಸ್ಟೋಕ್, ವೆಸ್ಟ್ ಬ್ರಾಮಿಚ್ ಆಲ್ಬಿಯನ್, ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್. ಲಂಡನ್ನಿನದು ಒಂದೂ ಇಲ್ಲ. ದಕ್ಷಿಣದಲ್ಲಿ ಹವ್ಯಾಸಿ ಆಟದ ಹೆಮ್ಮೆ ಇನ್ನೂ ಬಲವಾಗಿತ್ತು. ಹನ್ನೆರಡೇ ಏಕೆ? ಕಪ್ ಪಂದ್ಯಗಳನ್ನೂ ಇತರ ಕಟ್ಟುಪಾಡುಗಳನ್ನೂ ಕಳೆದರೆ ಲೀಗಿಗೆ ಒದಗುವ ದಿನಗಳು ಇಪ್ಪತ್ತೆರಡು ಎಂದು ಲೆಕ್ಕ ಹಾಕಿದ್ದರು. ಪ್ರತಿ ತಂಡವೂ ಉಳಿದ ಹನ್ನೊಂದು ತಂಡಗಳೊಡನೆ ತವರಿನಲ್ಲೊಮ್ಮೆ, ಪರಸ್ಥಳದಲ್ಲೊಮ್ಮೆ ಆಡಿದರೆ ಇಪ್ಪತ್ತೆರಡು ಪಂದ್ಯಗಳಾಗುತ್ತವೆ. ಹದಿಮೂರನೆಯ ತಂಡಕ್ಕೆ ಪಂಚಾಂಗದಲ್ಲಿ ಜಾಗವಿರಲಿಲ್ಲ. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಂಥ ಗಟ್ಟಿ ತಂಡ ಹೊರಗುಳಿದದ್ದು ಹೀಗೆ. ಯೋಗ್ಯತೆಯನ್ನು ಅಳೆದದ್ದು ಆಟವೊಂದರಿಂದಲೇ ಅಲ್ಲ, ಶನಿವಾರಗಳ ಎಣಿಕೆಯಿಂದಲೂ ಎಂಬ ಮಾತು ಹೊರಗುಳಿದವರಿಗೆ ಸಮಾಧಾನ ತಂದಿರಲಾರದು.

ನಿಯಮಗಳಲ್ಲಿ ಮುಖ್ಯವಾದದ್ದು, ಲೀಗ್ ಪಂದ್ಯಗಳಲ್ಲಿ ಪೂರ್ಣಬಲದ ತಂಡವನ್ನೇ ಇಳಿಸಬೇಕು ಎಂಬುದು. ನಿಯಮ ಬರೆದರು, ಆದರೆ ಅಭ್ಯಾಸ ಒಂದೇ ದಿನಕ್ಕೆ ಬದಲಾಗುವುದುಂಟೇ? ಅಕ್ಟೋಬರಿನಲ್ಲಿ ಸ್ಟೋಕ್ ತಂಡ ಪ್ರೆಸ್ಟನ್ನಿಗೆ ಒಂಬತ್ತೇ ಮಂದಿಯೊಡನೆ ಬಂತು. ಪ್ರೆಸ್ಟನ್ನಿನವರೇ ತಮ್ಮ ಕಾಯ್ದಿರಿಸಿದ ಆಟಗಾರರಿಬ್ಬರನ್ನು ಎರವಲು ಕೊಟ್ಟು, ಆಮೇಲೆ 7–0 ಗೋಲುಗಳಿಂದ ಸೋಲಿಸಿ ಕಳಿಸಿದರು.

ಮೊದಲ ಪಂದ್ಯಗಳು ನಡೆದದ್ದು 1888ರ ಸೆಪ್ಟೆಂಬರ್ 8, ಶನಿವಾರ. ಅಂದು ಐದು ಊರುಗಳಲ್ಲಿ ಐದು ಪಂದ್ಯ. ಪ್ರೆಸ್ಟನ್ 5–2ರಿಂದ ಬರ್ನ್ಲಿಯನ್ನು, ಎವರ್ಟನ್ 2–1ರಿಂದ ಅಕ್ರಿಂಗ್ಟನ್ನನ್ನು, ವೆಸ್ಟ್ ಬ್ರಾಮಿಚ್ 2–0ರಿಂದ ಸ್ಟೋಕನ್ನು ಸೋಲಿಸಿದವು. ಬೋಲ್ಟನ್ನಿಗೆ ಹೋದ ಡಾರ್ಬಿ 6–3ರಿಂದ ಗೆದ್ದು ಬಂತು. ವುಲ್ವರ್‌ಹ್ಯಾಂಪ್ಟನ್ ಮತ್ತು ಆಸ್ಟನ್ ವಿಲ್ಲಾ 1–1ರ ಸಮಬಲ ಸಾಧಿಸಿದವು. ಎವರ್ಟನ್ ತಂಡದ ತವರು ಅಂಗಣ ಆಗ ಆನ್‌ಫೀಲ್ಡ್. ಇಂದು ಆ ಹೆಸರು ಅವರ ಬದ್ಧ ಎದುರಾಳಿ ಲಿವರ್‌ಪೂಲಿನದು. 1892ರಲ್ಲಿ ಬಾಡಿಗೆಯ ಜಗಳದಿಂದ ಎವರ್ಟನ್ ಅಲ್ಲಿಂದ ಎದ್ದು ಹೋಯಿತೆಂಬುದು ಬೇರೆಯೇ ಕಥೆ.

ಆ ದಿನದ ಅಂಗಣವನ್ನು ಇಂದಿನ ದೂರದರ್ಶನದ ಚಿತ್ರದೊಡನೆ ಹೋಲಿಸಿ ನೋಡಬಾರದು. ಗೋಲು ಕಂಬಗಳಿಗೆ ಬಲೆ ಇಲ್ಲ. ಪೆನಾಲ್ಟಿ ಒದೆತ ಎಂಬುದಿಲ್ಲ. ಇವೆರಡೂ ಬಂದದ್ದು 1891ರಲ್ಲಿ. ಎರಡೂ ಪಕ್ಷಗಳಿಗೆ ಒಬ್ಬೊಬ್ಬ ಅಂಪೈರ್; ಅವರಿಬ್ಬರಲ್ಲಿ ಒಮ್ಮತವಾಗದಿದ್ದಾಗ ಮಾತ್ರ ರೆಫ್ರಿಯ ತೀರ್ಪು. ಗೋಲ್‌ಕೀಪರ್ ತನ್ನ ಅರ್ಧ ಅಂಗಣದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಿಂದ ತಡೆಯಬಹುದಿತ್ತು. ಗಾಯಗೊಂಡವನ ಬದಲಿಗೆ ಇನ್ನೊಬ್ಬ ಬರುವಂತಿಲ್ಲ. ಲೀಗಿನ ಇತಿಹಾಸದ ಮೊದಲ ಗೋಲು ಯಾರದು ಎಂಬ ಪ್ರಶ್ನೆಗೂ ಬಹುಕಾಲ ತಪ್ಪು ಉತ್ತರವೇ ಇತ್ತು. ಆಸ್ಟನ್ ವಿಲ್ಲಾದ ಗರ್ಷಮ್ ಕಾಕ್ಸ್ ತಮ್ಮದೇ ಗೋಲಿಗೆ ಚೆಂಡು ಹೊಗಿಸಿದ್ದೇ ಮೊದಲನೆಯದೆಂದು ಪುಸ್ತಕಗಳು ಹೇಳುತ್ತಿದ್ದವು. ಅಂದಿನ ಪತ್ರಿಕೆಗಳನ್ನು ತಿರುವಿ, ಪಂದ್ಯಗಳು ಆರಂಭವಾದ ಗಳಿಗೆಗಳನ್ನು ತಾಳೆ ನೋಡಿದ ಸಂಶೋಧಕರು ಬೋಲ್ಟನ್ನಿನ ಕೆನ್ನಿ ಡ್ಯಾವನ್‌ಪೋರ್ಟ್ ಅವರೇ ಮೊದಲಿಗರೆಂದು 2013ರಲ್ಲಿ ತೋರಿಸಿಕೊಟ್ಟರು. ಪಾಠಾಂತರ ಶೋಧನೆ ಹಳಗನ್ನಡ ಕಾವ್ಯಗಳಿಗಷ್ಟೇ ಬೇಕಾದದ್ದಲ್ಲ.

ಇನ್ನು ನಾನು ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇನೆ. ಪಂದ್ಯಗಳು ಆರಂಭವಾದಾಗ ಅಂಕ ಕೊಡುವ ಕ್ರಮವೇ ನಿಶ್ಚಯವಾಗಿರಲಿಲ್ಲ! ಯಾರು ಮೇಲು ಯಾರು ಕೆಳಗು ಎಂದು ಅಳೆಯುವ ಕೋಲನ್ನು ಕಡೆಯದೆಯೇ ಆಟಕ್ಕಿಳಿದಿದ್ದರು. ಗೆಲುವನ್ನು ಮಾತ್ರ ಎಣಿಸಬೇಕು, ಡ್ರಾ ಆದ ಪಂದ್ಯಕ್ಕೆ ಏನೂ ಸಲ್ಲಬೇಕಿಲ್ಲ ಎಂಬ ವಾದವೂ ಇತ್ತು. ಗೆಲುವಿಗೆ ಎರಡು ಅಂಕ, ಡ್ರಾಗೆ ಒಂದು ಎಂಬ ನಿರ್ಣಯವಾದದ್ದು ನವೆಂಬರಿನಲ್ಲಿ, ಋತು ಅರ್ಧ ದಾರಿ ಕ್ರಮಿಸಿದ ಮೇಲೆ. ಇದು ಕೇವಲ ಗಣಿತದ ಮಾತಲ್ಲ. ಡ್ರಾ ಎಂದರೇನು? ಇಬ್ಬರೂ ಗೆಲ್ಲದೆ ಹೋದದ್ದೋ, ಇಬ್ಬರೂ ಸೋಲದೆ ಉಳಿದದ್ದೋ? ಮೊದಲನೆಯದೆಂದರೆ ಅದಕ್ಕೆ ಸೊನ್ನೆ, ಎರಡನೆಯದೆಂದರೆ ಅದಕ್ಕೊಂದು ಬೆಲೆ. ಲೀಗ್ ಎರಡನೆಯ ಅರ್ಥವನ್ನು ಆರಿಸಿಕೊಂಡಿತು.

ಆ ಆಯ್ಕೆಯ ಪರಿಣಾಮವನ್ನು ಋತುವಿನ ಕೊನೆಯ ಅಂಕಪಟ್ಟಿಯಲ್ಲೇ ಕಾಣಬಹುದು. ಎವರ್ಟನ್ ಒಂಬತ್ತು ಪಂದ್ಯಗಳನ್ನು ಗೆದ್ದು ಎರಡನ್ನು ಡ್ರಾ ಮಾಡಿಕೊಂಡು ಹನ್ನೊಂದರಲ್ಲಿ ಸೋತಿತ್ತು. ಅಕ್ರಿಂಗ್ಟನ್ ಗೆದ್ದದ್ದು ಆರೇ, ಆದರೆ ಎಂಟು ಡ್ರಾ, ಎಂಟು ಸೋಲು. ಎರಡಕ್ಕೂ 20 ಅಂಕ. ಅಂಕ ಸಮವಾದಾಗ ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸಿ ಸರಾಸರಿ ನೋಡುವುದು ಆಗಿನ ಕ್ರಮ. ಅಕ್ರಿಂಗ್ಟನ್ 48 ಹೊಡೆದು 48 ಬಿಟ್ಟುಕೊಟ್ಟಿತ್ತು, ಅಂದರೆ ಸರಾಸರಿ ಸರಿಯಾಗಿ ಒಂದು. ಎವರ್ಟನ್ನಿನದು ಅದಕ್ಕಿಂತ ಬಹಳ ಕಡಿಮೆ. ಹೀಗಾಗಿ ಅಕ್ರಿಂಗ್ಟನ್ನಿಗೆ ಏಳನೆಯ ಸ್ಥಾನ, ಎವರ್ಟನ್ನಿಗೆ ಎಂಟನೆಯದು. ಗೆಲುವನ್ನಷ್ಟೇ ಎಣಿಸಿದ್ದರೆ ಏನಾಗುತ್ತಿತ್ತು? ಎವರ್ಟನ್ ಏಳನೆಯದಾಗಿ, ತಲಾ ಏಳು ಗೆಲುವಿನ ಬರ್ನ್ಲಿ ಮತ್ತು ಡಾರ್ಬಿ ಕೂಡ ಅಕ್ರಿಂಗ್ಟನ್ನನ್ನು ದಾಟಿ, ಅದು ಹತ್ತನೆಯ ಸ್ಥಾನಕ್ಕೆ ಕುಸಿಯುತ್ತಿತ್ತು. 1981ರಿಂದ ಇಂಗ್ಲೆಂಡಿನಲ್ಲಿ ಬಂದಿರುವ, ಈಗ ಎಲ್ಲೆಡೆ ಬಳಕೆಯಲ್ಲಿರುವ, ಗೆಲುವಿಗೆ ಮೂರು ಅಂಕದ ಕ್ರಮವನ್ನು ಅನ್ವಯಿಸಿದರೆ ಎವರ್ಟನ್ನಿಗೆ 29, ಅಕ್ರಿಂಗ್ಟನ್ನಿಗೆ 26. ಆಟಗಾರರು ಅವರೇ, ಆಡಿದ ಪಂದ್ಯಗಳೂ ಅವೇ. ಎಣಿಕೆ ಬದಲಾದರೆ ಚರಿತ್ರೆಯೇ ಬದಲಾಗುತ್ತದೆ.

ಏಳಕ್ಕೂ ಹತ್ತಕ್ಕೂ ಇದ್ದ ಅಂತರ ಬರಿಯ ಮಾನದ್ದಲ್ಲ. ಕೊನೆಯ ನಾಲ್ಕು ಸ್ಥಾನದ ಕ್ಲಬ್ಬುಗಳು ತಮ್ಮನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಲೀಗಿಗೆ ಅರ್ಜಿ ಹಾಕಿಕೊಂಡು, ಇತರರ ಮತಕ್ಕಾಗಿ ಕಾಯಬೇಕಿತ್ತು. ಹೊರಗಿನ ಕ್ಲಬ್ಬುಗಳೂ ಅದೇ ಬಾಗಿಲಲ್ಲಿ ನಿಂತಿರುತ್ತಿದ್ದವು. ಆ ವರ್ಷ ಅರ್ಜಿ ಹಾಕಬೇಕಾದವರು ಬರ್ನ್ಲಿ, ಡಾರ್ಬಿ, ನಾಟ್ಸ್ ಕೌಂಟಿ, ಸ್ಟೋಕ್. ನಾಲ್ವರನ್ನೂ ಮರಳಿ ಸೇರಿಸಿಕೊಂಡರು. (ಮುಂದಿನ ವರ್ಷವೂ ಕೊನೆಯ ಸ್ಥಾನಕ್ಕೇ ಬಿದ್ದ ಸ್ಟೋಕ್ ತಂಡಕ್ಕೆ ಆ ದಯೆ ದೊರೆಯಲಿಲ್ಲ; ಅದರ ಜಾಗಕ್ಕೆ ಸಂಡರ್‌ಲ್ಯಾಂಡ್ ಬಂತು.) ಎರಡನೆಯ ಶ್ರೇಣಿ ಹುಟ್ಟಿ, ಮೇಲಿನವರು ಕೆಳಕ್ಕೂ ಕೆಳಗಿನವರು ಮೇಲಕ್ಕೂ ಚಲಿಸುವ ಕ್ರಮ 1892ರ ನಂತರದ್ದು. ಆದರೆ ಅದರ ಬೀಜ ಈ ಅರ್ಜಿಯಲ್ಲಿದೆ. ಪಟ್ಟಿಯ ತಲೆಗೂ ಬಾಲಕ್ಕೂ ಒಂದೊಂದು ಭಯ ಅಥವಾ ಆಸೆ ಅಂಟಿಸಿದ್ದರಿಂದಲೇ ಮಾರ್ಚಿ ತಿಂಗಳ ಮಳೆಯಲ್ಲಿ ಒಂಬತ್ತನೆಯ ತಂಡ ಹತ್ತನೆಯದರ ಜೊತೆ ಆಡುವ ಪಂದ್ಯಕ್ಕೂ ಜನ ಬಂದರು.

ಪಟ್ಟಿಯ ತಲೆಯಲ್ಲಿ ಪ್ರೆಸ್ಟನ್. ಆಡಿದ್ದು 22, ಗೆದ್ದದ್ದು 18, ಡ್ರಾ 4, ಸೋಲು ಇಲ್ಲ. ಹೊಡೆದ ಗೋಲು 74, ಬಿಟ್ಟದ್ದು 15. ಅಂಕ 40. ಎರಡನೆಯ ಆಸ್ಟನ್ ವಿಲ್ಲಾಗೆ 29, ಮೂರನೆಯ ವುಲ್ವರ್‌ಹ್ಯಾಂಪ್ಟನ್ನಿಗೆ 28. ಹೊಸ ವರ್ಷದ ಜನವರಿ ಆರಂಭದಲ್ಲಿಯೇ ಪ್ರೆಸ್ಟನ್ನಿನ ಅಗ್ರಸ್ಥಾನ ಖಚಿತವಾಗಿತ್ತು. ಅದೂ ತಂಡದ ಹೆಸರಾಂತ ಆಟಗಾರ ನಿಕ್ ರಾಸ್ ಆ ಒಂದು ಋತುವಿಗೆ ಎವರ್ಟನ್ನಿಗೆ ಹೋಗಿದ್ದಾಗ. ಅವರ ತಮ್ಮ ಜಿಮ್ಮಿ ರಾಸ್ ಮತ್ತು ಜಾನ್ ಗುಡಾಲ್ ಗೋಲು ಹೊಡೆಯುವ ಭಾರ ಹೊತ್ತರು. ತಂಡದ ಹೆಚ್ಚಿನ ಬಲ ಸ್ಕಾಟ್ಲೆಂಡಿನಿಂದ ಬಂದವರದ್ದು. ಚೆಂಡನ್ನು ಒಬ್ಬನೇ ಕಾಲಲ್ಲಿ ಆಡಿಸುತ್ತ ನುಗ್ಗುವುದು ಇಂಗ್ಲೆಂಡಿನ ಹಳೆಯ ಶೈಲಿ. ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಮುಂದುವರಿಯುವುದು ಸ್ಕಾಟ್ಲೆಂಡಿನವರ ವಿದ್ಯೆ. ಆ ವಿದ್ಯೆಯನ್ನು ಸಂಬಳ ಕೊಟ್ಟು ಕೊಂಡು, ದಿನವೂ ಅಭ್ಯಾಸ ಮಾಡಿಸಿ ಯಂತ್ರದಂತೆ ಹೊಂದಿಸಿದ್ದು ಸಡೆಲ್ ಅವರ ಸಾಧನೆ.

ಜಾನ್ ಗುಡಾಲ್ ಅವರ ಮನೆತನದ ಸಂಗತಿ ಗಡಿನಾಡಿನ ನಮಗೆ ಸ್ವಾರಸ್ಯಕರ. ತಂದೆ ತಾಯಿ ಸ್ಕಾಟ್ಲೆಂಡಿನವರು; ತಂದೆ ಸೈನ್ಯದಲ್ಲಿದ್ದುದರಿಂದ ಸಂಸಾರ ಊರೂರು ತಿರುಗುತ್ತಿತ್ತು. ಜಾನ್ ಹುಟ್ಟಿದ್ದು ಲಂಡನ್ನಿನಲ್ಲಿ, ತಮ್ಮ ಆರ್ಚಿ ಹುಟ್ಟಿದ್ದು ಬೆಲ್‌ಫಾಸ್ಟಿನಲ್ಲಿ. ಜನ್ಮಸ್ಥಳವೇ ಆಗಿನ ನಿಯಮ. ಆದ್ದರಿಂದ ಅಣ್ಣ ಇಂಗ್ಲೆಂಡಿನ ಪರವಾಗಿ ಆಡಿದರು, ತಮ್ಮ ಐರ್ಲೆಂಡಿನ ಪರವಾಗಿ. ಮನೆಮಾತು ಒಂದು, ಆಡುವ ಬಾವುಟ ಬೇರೆ. ಇಂಥ ಮನೆಗಳು ನಮ್ಮಲ್ಲಿ ಅಪರೂಪವೇನಲ್ಲ.

ಪ್ರೆಸ್ಟನ್ ಅಷ್ಟಕ್ಕೇ ನಿಲ್ಲಲಿಲ್ಲ. 1889ರ ಮಾರ್ಚ್ 30ರಂದು ಲಂಡನ್ನಿನ ಕೆನ್ಸಿಂಗ್ಟನ್ ಅಲ್ಲ, ಕೆನಿಂಗ್ಟನ್ನಿನ ಓವಲ್ ಅಂಗಣದಲ್ಲಿ (ಹೆಸರುಗಳು ಹತ್ತಿರವಿರುವುದರಿಂದ ಓದುವಾಗ ಎಡವುವುದುಂಟು) ವುಲ್ವರ್‌ಹ್ಯಾಂಪ್ಟನ್ನನ್ನು 3–0ರಿಂದ ಸೋಲಿಸಿ ಎಫ್.ಎ. ಕಪ್ಪನ್ನೂ ಎತ್ತಿಕೊಂಡಿತು. ಕಪ್‌ನ ಯಾವ ಸುತ್ತಿನಲ್ಲೂ ಒಂದು ಗೋಲನ್ನೂ ಬಿಟ್ಟುಕೊಟ್ಟಿರಲಿಲ್ಲ. ಅವರಿಗೆ ‘ಅಜೇಯರು’ ಎಂಬ ಹೆಸರು ನಿಂತಿತು. ಇಂಗ್ಲೆಂಡಿನ ಅಗ್ರಶ್ರೇಣಿಯಲ್ಲಿ ಮತ್ತೊಂದು ತಂಡ ಇಡೀ ಋತುವನ್ನು ಸೋಲಿಲ್ಲದೆ ದಾಟಿದ್ದು 2003–04ರಲ್ಲಿ. ಅದು ಆರ್ಸೆನಲ್, 38 ಪಂದ್ಯಗಳಲ್ಲಿ 26 ಗೆಲುವು, 12 ಡ್ರಾ. ನೂರಹದಿನೈದು ವರ್ಷಗಳ ಅಂತರ. ಪಂದ್ಯಗಳ ಸಂಖ್ಯೆಯನ್ನು ನೋಡಿ ಆರ್ಸೆನಲ್‌ನ ಸಾಧನೆಯೇ ದೊಡ್ಡದೆನ್ನುವವರುಂಟು. ನನ್ನ ಎಣಿಕೆಯಲ್ಲಿ ಎರಡನ್ನೂ ತೂಗಿ ನೋಡುವುದು ವ್ಯರ್ಥ. ಒಬ್ಬರು ಇರುವ ವ್ಯವಸ್ಥೆಯೊಳಗೆ ಗೆದ್ದರು, ಇನ್ನೊಬ್ಬರು ವ್ಯವಸ್ಥೆ ಇನ್ನೂ ರೂಪುಗೊಳ್ಳುತ್ತಿರುವಾಗ ಗೆದ್ದರು.

ವ್ಯವಸ್ಥೆ ಎಂಬ ಮಾತು ಬಂದದ್ದರಿಂದ ಅದೇ ವರ್ಷದ ಇನ್ನೊಂದು ಪ್ರಯತ್ನವನ್ನೂ ಹೇಳಬೇಕು. ಲೀಗಿನಿಂದ ಹೊರಗುಳಿದ ಇಪ್ಪತ್ತು ಕ್ಲಬ್ಬುಗಳು ‘ದಿ ಕಾಂಬಿನೇಷನ್’ ಎಂಬ ಹೆಸರಿನಲ್ಲಿ ತಮ್ಮದೇ ಕೂಟ ಕಟ್ಟಿಕೊಂಡವು. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಆಗಲಿದ್ದ ನ್ಯೂಟನ್ ಹೀತ್ ಅದರಲ್ಲಿತ್ತು. ಪ್ರತಿ ತಂಡವೂ ಕೂಟದ ಎಂಟು ತಂಡಗಳನ್ನು ಆರಿಸಿಕೊಂಡು ತವರಿನಲ್ಲೂ ಪರಸ್ಥಳದಲ್ಲೂ ಆಡುವುದು ಎಂಬ ಒಪ್ಪಂದ. ಆದರೆ ಪಂದ್ಯಗಳನ್ನು ನೋಡಿಕೊಳ್ಳುವ ಕೇಂದ್ರವಿಲ್ಲ, ಎಲ್ಲರೂ ಎಲ್ಲರೊಡನೆ ಆಡುವ ಕಟ್ಟಳೆಯಿಲ್ಲ. 1889ರ ಏಪ್ರಿಲಿನಲ್ಲಿ ಪಂದ್ಯಗಳು ಪೂರ್ತಿಯಾಗುವ ಮೊದಲೇ ಕೂಟ ಮುರಿದುಬಿತ್ತು. ಕಾಲ ಒಂದೇ, ಆಟ ಒಂದೇ, ಪ್ರೇಕ್ಷಕರೂ ಒಂದೇ ಬಗೆಯವರು. ಲೀಗಿನಲ್ಲಿದ್ದು ಇಲ್ಲಿಲ್ಲದಿದ್ದದ್ದು ಎರಡೇ ವಸ್ತು, ತಪ್ಪಿಸಿಕೊಳ್ಳಲಾಗದ ಪಂಚಾಂಗ ಮತ್ತು ಎಲ್ಲರನ್ನೂ ಒಂದೇ ಕೋಲಿನಲ್ಲಿ ಅಳೆಯುವ ಪಟ್ಟಿ. ಲೀಗಿನ 132 ಪಂದ್ಯಗಳೂ ನಡೆದವು. ಅವುಗಳಲ್ಲಿ 110 ಇತ್ಯರ್ಥವಾದವು, 22 ಡ್ರಾ ಆದವು. ಒಟ್ಟು ಗೋಲುಗಳು 580ಕ್ಕೂ ಮಿಕ್ಕಿ. ಪಂದ್ಯವೊಂದಕ್ಕೆ ನಾಲ್ಕಕ್ಕಿಂತ ಹೆಚ್ಚು.

ಕಪ್‌ಗೂ ಲೀಗಿಗೂ ಇರುವ ವ್ಯತ್ಯಾಸ ಈಗ ಸ್ಪಷ್ಟವಾಗಿರಬಹುದು. ಕಪ್ ಮರೆಯುತ್ತದೆ, ಲೀಗ್ ನೆನಪಿಡುತ್ತದೆ. ಕಪ್‌ನಲ್ಲಿ ಇಂದಿನ ಪಂದ್ಯ ನಿನ್ನೆಯದನ್ನು ಅಳಿಸಿಹಾಕುತ್ತದೆ. ಲೀಗಿನಲ್ಲಿ ಸೆಪ್ಟೆಂಬರಿನ ಒಂದು ಡ್ರಾ ಏಪ್ರಿಲಿನವರೆಗೂ ಖಾತೆಯಲ್ಲಿ ಉಳಿದಿರುತ್ತದೆ. ನಮ್ಮ ಉತ್ತರ ಮಲಬಾರಿನಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಬೆಳೆದ ಏಳು ಮಂದಿಯ ‘ಸೆವೆನ್ಸ್’ ಆಟ ಕಪ್‌ನ ಕಡೆಗೆ ಸೇರಿದ್ದು. ಸೋತವರು ಅಂದೇ ಮನೆಗೆ, ಆದ್ದರಿಂದಲೇ ಅದರ ರಾತ್ರಿಗಳಿಗೆ ಆ ಬಿಸಿ. ಭಾರತದ ಫುಟ್‌ಬಾಲು ಆರಂಭವಾದದ್ದೂ ಕಪ್‌ನಿಂದಲೇ. ಮೆಕ್‌ಗ್ರೆಗರ್ ಪತ್ರ ಬರೆದ 1888ರಲ್ಲಿಯೇ ಶಿಮ್ಲಾದಲ್ಲಿ ಬ್ರಿಟಿಷ್ ಸೈನ್ಯದ ತಂಡಗಳಿಗಾಗಿ ಡ್ಯುರಾಂಡ್ ಕಪ್ ಮೊದಲಾಯಿತು. ಹತ್ತು ವರ್ಷಗಳಲ್ಲಿ, 1898ರಲ್ಲಿ, ಕಲ್ಕತ್ತಾ ನಗರಕ್ಕೊಂದು ಲೀಗ್ ಬಂತು. ಆದರೆ ದೇಶವ್ಯಾಪಿಯಾದ ಲೀಗ್ ಬರಲು 1996ರವರೆಗೆ ಕಾಯಬೇಕಾಯಿತು. ಆ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದದ್ದು ಪಂಜಾಬಿನ ಜೆ.ಸಿ.ಟಿ. ಈ ನೂರೆಂಟು ವರ್ಷಗಳ ವಿಳಂಬಕ್ಕೆ ಆಟಗಾರರ ಕೊರತೆಯೊಂದನ್ನೇ ದೂರುವುದು ಸರಿಯಲ್ಲ. ಲ್ಯಾಂಕಾಶೈರ್ ಮತ್ತು ಮಧ್ಯ ಇಂಗ್ಲೆಂಡಿನ ಹನ್ನೆರಡು ಊರುಗಳನ್ನು ರೈಲು ಎಷ್ಟು ಹತ್ತಿರ ತಂದಿತ್ತೆಂದರೆ ಶನಿವಾರ ಹೋಗಿ ಆಡಿ ಮರಳುವುದು ಸಾಧ್ಯವಿತ್ತು. ಕಲ್ಕತ್ತಾದ ತಂಡ ಗೋವೆಗೆ ಹೋಗಿ ಆಡಿ ಬರುವುದು ಹಾಗಲ್ಲ. ನಾಕೌಟ್ ಕಪ್‌ಗೆ ಎಲ್ಲರೂ ಒಮ್ಮೆ ಒಂದೂರಿಗೆ ಬಂದರೆ ಸಾಕು. ಲೀಗ್ ನಡೆಸಲು ವರ್ಷವಿಡೀ ದಾರಿಖರ್ಚು, ವರ್ಷವಿಡೀ ಸಂಬಳ ಬೇಕು. ಬೆಂಗಳೂರು ಎಫ್.ಸಿ. ತಾನು ಹುಟ್ಟಿದ ವರ್ಷವೇ, 2013–14ರಲ್ಲಿ, ಐ-ಲೀಗ್ ಗೆದ್ದದ್ದನ್ನೂ ಕೇರಳದ ಗೋಕುಲಂ 2020–21 ಮತ್ತು 2021–22ರಲ್ಲಿ ಬೆನ್ನುಬೆನ್ನಿಗೆ ಗೆದ್ದದ್ದನ್ನೂ ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಇವೆರಡರ ಬೆನ್ನಿಗೂ ಹಣವಂತ ಸಂಸ್ಥೆಗಳಿದ್ದವು.

ಹಣದ ಮಾತು ಪ್ರೆಸ್ಟನ್ನಿಗೂ ಸಲ್ಲುತ್ತದೆ. 1889–90ರಲ್ಲಿ ಅವರು ಮತ್ತೊಮ್ಮೆ ಲೀಗ್ ಗೆದ್ದರು. ಅನಂತರ ಇಂದಿನವರೆಗೆ ಗೆದ್ದಿಲ್ಲ. ಸಡೆಲ್ ಹತ್ತಿಗಿರಣಿಯ ವ್ಯವಸ್ಥಾಪಕರೂ ಆಗಿದ್ದರು. ಗಿರಣಿಯ ಹಣವನ್ನು ದುರುಪಯೋಗ ಮಾಡಿಕೊಂಡ ಆರೋಪ ಸಾಬೀತಾಗಿ 1895ರಲ್ಲಿ ಅವರಿಗೆ ಮೂರು ವರ್ಷಗಳ ಸೆರೆವಾಸವಾಯಿತು. ಬಿಡುಗಡೆಯಾದ ಮೇಲೆ ದಕ್ಷಿಣ ಆಫ್ರಿಕಕ್ಕೆ ಹೋಗಿ ಪತ್ರಿಕೋದ್ಯಮದಲ್ಲಿ ಬದುಕು ಕಟ್ಟಿಕೊಂಡು 1911ರಲ್ಲಿ ಅಲ್ಲಿಯೇ ತೀರಿಕೊಂಡರು. ಎಂಟು ಡ್ರಾಗಳ ಬಲದಿಂದ ಎವರ್ಟನ್ನಿಗಿಂತ ಒಂದು ಮೆಟ್ಟಿಲು ಮೇಲೆ ನಿಂತಿದ್ದ ಅಕ್ರಿಂಗ್ಟನ್ 1893ರಲ್ಲಿ ಎರಡನೆಯ ಶ್ರೇಣಿಗೆ ಇಳಿಯಬೇಕಾಗಿ ಬಂದಾಗ, ಅಲ್ಲಿ ಆಡಲೊಲ್ಲದೆ ಲೀಗಿಗೆ ರಾಜೀನಾಮೆ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಕ್ಲಬ್ಬೇ ಮುಚ್ಚಿಹೋಯಿತು. ಆ ಪಟ್ಟಿಯಲ್ಲಿ ಅದರ ಕೆಳಗಿದ್ದ ಎವರ್ಟನ್ ಇಂಗ್ಲೆಂಡಿನ ಅಗ್ರಶ್ರೇಣಿಯಲ್ಲಿ ಅತಿ ಹೆಚ್ಚು ಋತುಗಳನ್ನು ಆಡಿದ ಕ್ಲಬ್ಬಾಗಿ ಈಗಲೂ ಆಡುತ್ತಿದೆ.